ಒಂದು ತಿಂಗಳು, ಐದು ಕಾದಂಬರಿ: ಅರ್ಧಕ್ಕೆ ಬಿಟ್ಟದ್ದು ಪುಸ್ತಕದ ತಪ್ಪೋ, ನನ್ನ ತಪ್ಪೋ?

ಹಾಳೆಯಂಚು:
ಕಳೆದ ತಿಂಗಳು ಐದು ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಕೈಗೆತ್ತಿಕೊಂಡೆ. ನಾಲ್ಕು ಮುಗಿದವು, ಐದನೆಯದನ್ನು ಮೂರನೇ ಒಂದು ಪಾಲು ಓದಿ ಮುಚ್ಚಿಟ್ಟಿದ್ದೇನೆ. ಆ ಮುಚ್ಚಿಟ್ಟ ಪುಸ್ತಕದ ವಿಷಯದಲ್ಲಿ ಮನಸ್ಸಿಗೆ ಸಮಾಧಾನವಿಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಓದಿದ ಕ್ರಮದಲ್ಲಿಯೇ ಹೇಳುತ್ತೇನೆ, ಏಕೆಂದರೆ ನನ್ನ ಪ್ರಶ್ನೆ ಹುಟ್ಟಿರುವುದೇ ಆ ಕ್ರಮದಿಂದ. ಮೊದಲನೆಯದು ಪರ್ಸಿವಲ್ ಎವರೆಟ್ ಅವರ 'ಜೇಮ್ಸ್'. ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್‌ನ ಕಥೆಯನ್ನು ಇಲ್ಲಿ ಗುಲಾಮನಾದ ಜಿಮ್ ಹೇಳುತ್ತಾನೆ. ಬಿಳಿಯರ ಎದುರಿನಲ್ಲಿ ಒಡಕು ಮಾತನಾಡುವ ಗುಲಾಮರು ತಮ್ಮತಮ್ಮೊಳಗೆ ತಿದ್ದಿದ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ ಎಂಬ ಒಂದೇ ಕಲ್ಪನೆಗೆ ಆ ಹಳೆಯ ಕಥೆಯೆಲ್ಲ ಮಗುಚಿ ಬೀಳುತ್ತದೆ. ಎರಡು ದಿನಗಳಲ್ಲಿ ಮುಗಿಸಿದೆ. ಎರಡನೆಯದು ಜೆನಿ ಎರ್ಪೆನ್‌ಬೆಕ್ ಅವರ 'ಕೈರೋಸ್'. 1986ರ ಪೂರ್ವ ಬರ್ಲಿನ್, 19 ವರ್ಷದ ಕಟರೀನಾ, 53 ವರ್ಷದ ವಿವಾಹಿತ ಲೇಖಕ ಹಾನ್ಸ್. ಅವನು ತನ್ನ ಆರೋಪಗಳನ್ನೆಲ್ಲ ಕ್ಯಾಸೆಟ್ಟಿನಲ್ಲಿ ಮುದ್ರಿಸಿ ಕೊಡುತ್ತಾನೆ, ಅವಳು ಅವುಗಳನ್ನು ಕೇಳಿ ಉತ್ತರ ಬರೆಯಬೇಕು. ಆ ಭಾಗಗಳನ್ನು ಓದುವಾಗ ಪುಸ್ತಕವನ್ನು ಎಷ್ಟೋ ಸಲ ಕೆಳಗಿಟ್ಟೆ, ಆದರೆ ಬಿಟ್ಟುಬಿಡಲು ಆಗಲಿಲ್ಲ. ಮೂರನೆಯದು ಸಮಂತಾ ಹಾರ್ವಿ ಅವರ 'ಆರ್ಬಿಟಲ್': ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ಜನ, ಒಂದೇ ದಿನ, ಭೂಮಿಗೆ 16 ಸುತ್ತು. ನಾಲ್ಕನೆಯದು ಕ್ಲೇರ್ ಕೀಗನ್ ಅವರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್'. ಅದು 116 ಪುಟಗಳ ಪುಸ್ತಕ. ಮುಗಿಸಿದ ರಾತ್ರಿ ನಾನು ಯಾರೊಂದಿಗೂ ಮಾತನಾಡಲಿಲ್ಲ.

ಮರುದಿನ ಬೆಳಿಗ್ಗೆಯೇ ಪಾಲ್ ಲಿಂಚ್ ಅವರ 'ಪ್ರಾಫೆಟ್ ಸಾಂಗ್' ತೆರೆದೆ. 2023ರ ಬೂಕರ್ ಪಡೆದ ಕಾದಂಬರಿ. ಪ್ಯಾರಾಗಳಿಲ್ಲ, ಉದ್ಧರಣ ಚಿಹ್ನೆಗಳಿಲ್ಲ, ಯಾರು ಯಾರಿಗೆ ಹೇಳಿದರು ಎಂಬುದನ್ನು ಹುಡುಕಿಕೊಂಡೇ ಓದಬೇಕು. ನೂರು ಪುಟಗಳಷ್ಟು ಓದುವುದರೊಳಗೆ ಉಸಿರುಗಟ್ಟಿದಂತಾಯಿತು. ನನಗೆ ತಿಳಿಯಬೇಕಾದದ್ದು ಇಷ್ಟು: ಈ ಕಾದಂಬರಿ ನಿಜವಾಗಿಯೂ ಓದುಗರನ್ನು ಹೊರಗಿಡುತ್ತದೆಯೇ, ಅಥವಾ ಕೀಗನ್ ಅವರ ಮಿತಭಾಷೆ ಇನ್ನೂ ಕಿವಿಯಲ್ಲಿ ಉಳಿದಿದ್ದುದರಿಂದ ಲಿಂಚ್ ಅವರ ಮಾತು ನನಗೆ ಹೆಚ್ಚಾಯಿತೇ?

ಪುಟತಿರುವು:
ಪುಸ್ತಕದ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ, ಮರುದಿನ ಬೆಳಿಗ್ಗೆಯೇ ತೆರೆದದ್ದು ತಪ್ಪು.

ಅಡಿಟಿಪ್ಪಣಿ:
ಮೊದಲು ಒಂದು ಸಣ್ಣ ತಿದ್ದುಪಡಿ. 'ಪ್ರಾಫೆಟ್ ಸಾಂಗ್'ನಲ್ಲಿ ಬಿಡುವೇ ಇಲ್ಲವೆಂದಲ್ಲ. ಅಧ್ಯಾಯಗಳ ಒಳಗೆ ದೊಡ್ಡ ದೊಡ್ಡ ಭಾಗಗಳಿವೆ, ಅವುಗಳ ನಡುವೆ ತೆರಪು ಇದೆ; ಪ್ಯಾರಾ ಒಡೆಯದಿರುವುದು ಆ ಭಾಗಗಳ ಒಳಗೆ ಮಾತ್ರ. ಒಂದು ಸಲ ಕುಳಿತಾಗ ಒಂದು ಭಾಗವನ್ನಷ್ಟೇ ಓದಿ ಎದ್ದರೆ ನಿಮಗಾದಷ್ಟು ಆಯಾಸ ಆಗುವುದಿಲ್ಲ.

ಈಗ ಮುಖ್ಯ ಮಾತು. ಆ ರೂಪವನ್ನು ಕಥೆಯಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ಸಂಜೆ ಬಾಗಿಲು ತಟ್ಟುತ್ತದೆ, ರಹಸ್ಯ ಪೊಲೀಸರು ಕಥಾನಾಯಕಿ ಐಲಿಶ್‌ಳ ಗಂಡನನ್ನು ಕೇಳಿಕೊಂಡು ಬಂದಿದ್ದಾರೆ. ಶಿಕ್ಷಕರ ಸಂಘಟನೆಯ ಕೆಲಸದಲ್ಲಿದ್ದ ಆ ಮನುಷ್ಯ ಆಮೇಲೆ ಮನೆಗೆ ಮರಳುವುದಿಲ್ಲ. ಆದರೂ ನಾಲ್ಕು ಮಕ್ಕಳಿಗೆ ಊಟವಾಗಬೇಕು, ಶಾಲೆಯ ಚೀಲ ಸಿದ್ಧವಾಗಬೇಕು, ನೆನಪು ಕಳೆದುಕೊಳ್ಳುತ್ತಿರುವ ತಂದೆಯನ್ನು ನೋಡಿಕೊಳ್ಳಬೇಕು. ದೇಶ ಕುಸಿಯುತ್ತಿರುವ ಸುದ್ದಿಯೂ ಮಗುವಿನ ಅಳುವೂ ಒಂದೇ ವಾಕ್ಯದಲ್ಲಿ ಬರುತ್ತವೆ, ಏಕೆಂದರೆ ಅವಳ ಬದುಕಿನಲ್ಲಿ ಅವು ಬೇರೆ ಬೇರೆ ಪ್ಯಾರಾಗಳಾಗಿ ಬರುತ್ತಿಲ್ಲ. ನಿಮಗೆ ಉಸಿರುಗಟ್ಟಿದೆ ಎಂದರೆ ಕಾದಂಬರಿ ನಿಮ್ಮನ್ನು ಹೊರಗಿಟ್ಟಿಲ್ಲ, ಒಳಗೆ ಕರೆದುಕೊಂಡಿದೆ.

ನಡುಪುಟ:
ಅಡಿಟಿಪ್ಪಣಿ ಅವರೇ, ನಿಮ್ಮ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಓದುಗನಿಗೆ ಆದ ಪ್ರತಿಯೊಂದು ಕಷ್ಟವನ್ನೂ ಲೇಖಕನ ಗೆಲುವೆಂದು ಎಣಿಸಿದರೆ ಯಾವ ಪುಸ್ತಕವನ್ನೂ ವಿಮರ್ಶಿಸಲು ಸಾಧ್ಯವಾಗುವುದಿಲ್ಲ. ಕಥೆ ಉಸಿರುಗಟ್ಟಿಸುವುದು ಬೇರೆ, ಅಚ್ಚಿನ ವಿನ್ಯಾಸ ಉಸಿರುಗಟ್ಟಿಸುವುದು ಬೇರೆ.

ಇತ್ತೀಚಿನ ವರ್ಷಗಳಲ್ಲಿ ಪ್ರಶಸ್ತಿಯ ಪಟ್ಟಿಗೆ ಬರುವ ಎಷ್ಟೋ ಕಾದಂಬರಿಗಳು ಉದ್ಧರಣ ಚಿಹ್ನೆಯನ್ನು ಕೈಬಿಟ್ಟಿವೆ. ಅವುಗಳಲ್ಲಿ ಕೆಲವಕ್ಕೆ ಅದು ಅಗತ್ಯವಾಗಿರಬಹುದು. ಉಳಿದವಕ್ಕೆ ಅದು ಗಂಭೀರವಾಗಿ ಕಾಣಿಸಿಕೊಳ್ಳುವ ಉಡುಪು. ಕೀಗನ್ ಅವರನ್ನೇ ನೋಡಿ. ಚಿಹ್ನೆಗಳಿವೆ, ಪ್ಯಾರಾಗಳಿವೆ, ಎಲ್ಲವೂ ಹಳೆಯ ಕ್ರಮದಲ್ಲೇ ಇವೆ. ಕಲ್ಲಿದ್ದಲು ಮಾರುವ ಫರ್ಲಾಂಗ್ ಕ್ರೈಸ್ತ ಸನ್ಯಾಸಿನಿಯರ ಮಠದ ಕಲ್ಲಿದ್ದಲು ಕೊಠಡಿಯ ಬಾಗಿಲು ತೆರೆದು, ಒಳಗೆ ಕೂಡಿಹಾಕಿದ್ದ ಹುಡುಗಿಯನ್ನು ಕಾಣುವ ಪುಟದಲ್ಲಿ ನನ್ನ ಉಸಿರೂ ನಿಂತಿತ್ತು. ಅದಕ್ಕಾಗಿ ಅವರು ಒಂದು ಅಲ್ಪವಿರಾಮವನ್ನೂ ತೆಗೆಯಬೇಕಾಗಲಿಲ್ಲ.

ಹೊಸ ಓದು:
ನಾನು ಕೀಗನ್ ಅವರ ಪುಸ್ತಕವನ್ನು ಇನ್ನೂ ಓದಿಲ್ಲ. ದಯವಿಟ್ಟು ಮುಂದಿನದನ್ನು ಹೇಳಬೇಡಿ.

ನಡುಪುಟ:
ಕ್ಷಮಿಸಿ. ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಮೆಲ್ಲಗೋದು:
ಉದ್ಧರಣ ಚಿಹ್ನೆಯ ಮಾತು ಬಂದದ್ದರಿಂದ, ಕನ್ನಡದಲ್ಲಿ ಓದುವವರಾಗಿ ನಾವು ಗಮನಿಸಬೇಕಾದ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಒಬ್ಬರ ಮಾತು ಎಲ್ಲಿ ಮುಗಿಯಿತೆಂದು ತಿಳಿಸಲು ಚಿಹ್ನೆಯೇ ಬೇಕಾಗಿಲ್ಲ. 'ಎಂದು', 'ಅಂತ', 'ಎಂದಳು' ಎಂಬ ಪದಗಳು ಮಾತಿನ ತುದಿಯಲ್ಲಿ ಬಂದು ನಿಂತು ಬಾಗಿಲು ಹಾಕುತ್ತವೆ. ನಾಳೆ ಬರುತ್ತೇನೆ ಅಂತ ಹೇಳಿ ಹೋದ ಎಂದರೆ ಯಾರಿಗೂ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಅಂಥ ಮುಚ್ಚುವ ಪದವಿಲ್ಲ. ಚಿಹ್ನೆಯನ್ನು ತೆಗೆದ ಕೂಡಲೇ ಪಾತ್ರದ ಮಾತೂ ನಿರೂಪಣೆಯೂ ಒಂದರೊಳಗೊಂದು ಹರಿದುಹೋಗುತ್ತವೆ. ತಾಳೆಗರಿಯ ಕಾಲದಲ್ಲಿ ನಮ್ಮವರು ಪದಗಳ ನಡುವೆಯೂ ತೆರಪು ಬಿಡದೆ ಬರೆದರು, ಆದರೂ ಯಾರ ಮಾತು ಯಾವುದೆಂಬುದು ಓದುವವನಿಗೆ ತಿಳಿಯುತ್ತಿತ್ತು. ಅದಕ್ಕೆ ಈ ಪುಟ್ಟ ಪದಗಳ ನೆರವೂ ಒಂದು ಕಾರಣ.

ಹಾಗಾಗಿ 'ಪ್ರಾಫೆಟ್ ಸಾಂಗ್' ಕನ್ನಡಕ್ಕೆ ಬಂದರೆ, ಹಾಳೆಯಂಚು ಅವರಿಗೆ ಕಷ್ಟವಾದ ಭಾಗವೇ ತಾನಾಗಿ ಹಗುರವಾದೀತು. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದೇ ನನ್ನ ಚಿಂತೆ. ಹೊರಗಿನ ಸುದ್ದಿ, ಮಗನ ಮಾತು, ಐಲಿಶ್‌ಳ ಒಳಮನಸ್ಸು ಒಂದರೊಳಗೊಂದು ಕಲೆತುಹೋಗುವುದೇ ಆ ಕಾದಂಬರಿಯ ಭಯ. ಅನುವಾದಕರು 'ಅಂತ' ಎಂದು ಬರೆದ ಕಡೆಯಲ್ಲೆಲ್ಲ ಆ ಭಯದ ಒಂದು ತುಣುಕು ಕಡಿಮೆಯಾಗುತ್ತದೆ.

ನಡುಪುಟ:
ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಚಿಹ್ನೆ ತೆಗೆಯುವುದು ಬರಿಯ ಉಡುಪು ಎಂಬ ನನ್ನ ಮಾತನ್ನು ಲಿಂಚ್ ಅವರ ಮಟ್ಟಿಗೆ ಹಿಂದಕ್ಕೆ ಪಡೆಯುತ್ತೇನೆ. ಪ್ಯಾರಾಗಳ ವಿಷಯದಲ್ಲಿ ಮಾತ್ರ ಪಡೆಯುವುದಿಲ್ಲ.

ಕಿವಿಯೋದು:
ನಾನು ಆ ಕಾದಂಬರಿಯನ್ನು ಆಡಿಯೋ ಪುಸ್ತಕವಾಗಿ ಕೇಳಿದವಳು. ಪ್ಯಾರಾ ಇಲ್ಲವೆಂಬ ಸಂಗತಿ ನನಗೆ ಗೊತ್ತಾದದ್ದೇ ಕೇಳಿ ಮುಗಿಸಿದ ಮೇಲೆ, ಅಚ್ಚಿನ ಪ್ರತಿಯನ್ನು ಬೇರೊಬ್ಬರ ಕೈಯಲ್ಲಿ ನೋಡಿದಾಗ. ಓದುವವರ ದನಿಯೇ ನಿಲ್ಲಬೇಕಾದಲ್ಲಿ ನಿಲ್ಲುತ್ತದೆ, ತಾಯಿಯ ಮಾತಿಗೂ ಮಗನ ಮಾತಿಗೂ ತುಸು ಬೇರೆಯಾಗುತ್ತದೆ. ಹಾಳೆಯಂಚು ಅವರೇ, ಬಿಟ್ಟಲ್ಲಿಂದ ಮುಂದಿನ ಇಪ್ಪತ್ತು ಪುಟಗಳನ್ನು ಕೇಳಿ ನೋಡಿ, ಆಮೇಲೆ ಪುಸ್ತಕಕ್ಕೆ ಮರಳಿ.

ಅಡಿಟಿಪ್ಪಣಿ:
ಕೇಳುವುದನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಈ ಒಂದು ಪುಸ್ತಕದಲ್ಲಿ ಕೇಳುಗರು ಏನನ್ನೋ ಕಳೆದುಕೊಳ್ಳುತ್ತಾರೆ. ಯಾರು ಮಾತನಾಡುತ್ತಿದ್ದಾರೆಂಬ ತೀರ್ಮಾನವನ್ನು ಓದುವ ಕಲಾವಿದರು ನಿಮಗಿಂತ ಮೊದಲೇ ಮಾಡಿಬಿಟ್ಟಿರುತ್ತಾರೆ, ಆ ಅರೆಕ್ಷಣದ ತಡವರಿಕೆ ನಿಮ್ಮ ಪಾಲಿಗೆ ಬರುವುದೇ ಇಲ್ಲ.

ಕಿವಿಯೋದು:
ತಡವರಿಕೆ ಬರದಿದ್ದರೂ ಅಳು ಬಂದಿತು. ನನಗೆ ಅಷ್ಟು ಸಾಕು.

ನಡುರಾತ್ರಿ ದೀಪ:
ಎಲ್ಲರೂ ಒಂದೇ ಪುಸ್ತಕದಲ್ಲಿ ಸಿಲುಕಿದ್ದೀರಿ. ಪಟ್ಟಿಯಲ್ಲಿರುವ ಬೇರೆ ಎರಡು ಪುಸ್ತಕಗಳ ನಡುವೆ ನಿಜವಾದ ಸ್ಪರ್ಧೆಯೇ ನಡೆದಿದೆ: 'ಜೇಮ್ಸ್' ಮತ್ತು 'ಆರ್ಬಿಟಲ್' ಎರಡೂ 2024ರ ಬೂಕರ್ ಅಂತಿಮ ಪಟ್ಟಿಯಲ್ಲಿದ್ದವು, ಪ್ರಶಸ್ತಿ 'ಆರ್ಬಿಟಲ್'ಗೆ ಹೋಯಿತು. ನನಗೆ ಆ ತೀರ್ಪು ಇಂದಿಗೂ ಜೀರ್ಣವಾಗಿಲ್ಲ. 'ಆರ್ಬಿಟಲ್'ನ ವಾಕ್ಯಗಳು ಚೆಲುವಾಗಿವೆ, ಒಪ್ಪುತ್ತೇನೆ. ಆದರೆ ಆರು ಜನರಲ್ಲಿ ಒಬ್ಬರಿಗಾದರೂ ಇನ್ನೊಬ್ಬರೊಡನೆ ಜಗಳವಿಲ್ಲ, ಯಾರೂ ಏನನ್ನೂ ಆಯ್ದುಕೊಳ್ಳಬೇಕಾಗಿಲ್ಲ. ಒಂದು ಖಂಡ ಕಾಣುತ್ತದೆ, ಬೆಳಗಾಗುತ್ತದೆ, ಇನ್ನೊಂದು ಖಂಡ ಕಾಣುತ್ತದೆ, ಕತ್ತಲಾಗುತ್ತದೆ. 136 ಪುಟಗಳಲ್ಲಿ ಮೂರು ಸಲ ನಿದ್ದೆ ಹೋದೆ. 'ಜೇಮ್ಸ್'ನಲ್ಲಿ ಪ್ರತಿ ಪುಟದಲ್ಲೂ ಪ್ರಾಣ ಪಣಕ್ಕಿದೆ. ಮರುವರ್ಷ ಪುಲಿಟ್ಜರ್ ಅದಕ್ಕೆ ಬಂದಾಗ ನನ್ನ ಮನಸ್ಸಿಗೆ ಸ್ವಲ್ಪ ನೆಮ್ಮದಿಯಾಯಿತು.

ಪುಟತಿರುವು:
ಇದೊಂದು ಮಾತನ್ನು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಪೂರ್ಣ ಸಹಮತ.

ಸಾಲುದೀಪ:
ನನಗೆ ಸಹಮತವಿಲ್ಲ, ಮತ್ತು ಕಾರಣ ಸ್ವಲ್ಪ ವೈಯಕ್ತಿಕವಾದದ್ದು. ನಾನು 'ಆರ್ಬಿಟಲ್' ಓದಿದ್ದು ಆಸ್ಪತ್ರೆಯಲ್ಲಿ, ಅಮ್ಮನ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಕುಳಿತು, ನಾಲ್ಕು ರಾತ್ರಿಗಳಲ್ಲಿ. ಆ ಪುಸ್ತಕದಲ್ಲಿ ಚಿಯೆ ಎಂಬ ಜಪಾನಿನ ಗಗನಯಾತ್ರಿಗೆ ತನ್ನ ತಾಯಿ ತೀರಿಕೊಂಡ ಸುದ್ದಿ ಮೇಲೆಯೇ ತಲುಪುತ್ತದೆ. ಅವಳು ಇಳಿದು ಹೋಗುವಂತಿಲ್ಲ. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನೆಲ್ಲ ಸುತ್ತಿ ಬರುತ್ತಾಳೆ, ತಾಯಿ ಇದ್ದ ದೇಶದ ಮೇಲೆ ಹಾದುಹೋಗುತ್ತಾಳೆ, ಆದರೆ ಅಂತ್ಯಸಂಸ್ಕಾರಕ್ಕೆ ಹೋಗಲಾರಳು. ಏನೂ ನಡೆಯುವುದಿಲ್ಲ ಎಂದಿರಿ. ಹಾಸಿಗೆಯ ಪಕ್ಕದಲ್ಲಿ ಕುಳಿತವರಿಗೂ ಏನೂ ನಡೆಯುವುದಿಲ್ಲ. ನೋಡುತ್ತಿರುವುದೊಂದೇ ಅವರಿಗೆ ಉಳಿದ ಕೆಲಸ, ಆ ಕೆಲಸ ಎಷ್ಟು ದೊಡ್ಡದೆಂಬುದನ್ನು ನನಗೆ ಬೇರಾವ ಕಾದಂಬರಿಯೂ ತೋರಿಸಿರಲಿಲ್ಲ.

ಫಿಲಿಪೀನ್ಸ್ ಕಡೆಗೆ ಸಾಗುತ್ತಿರುವ ಚಂಡಮಾರುತವನ್ನು ಆ ಆರು ಜನರೂ ಮೇಲಿನಿಂದ ಕಾಣುತ್ತಾರೆ, ಚಿತ್ರ ತೆಗೆಯುತ್ತಾರೆ, ತಡೆಯಲಾರರು. ಅದು ಜಗಳಕ್ಕಿಂತ ಕಡಿಮೆಯ ಸಂಘರ್ಷವೇ?

ನಡುರಾತ್ರಿ ದೀಪ:
ಸಾಲುದೀಪ ಅವರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. 'ಜೇಮ್ಸ್' ಇನ್ನೂ ದೊಡ್ಡ ಕಾದಂಬರಿ ಎಂದೇ ನಂಬಿದ್ದೇನೆ, ಆದರೆ ನಿದ್ದೆಯ ಮಾತನ್ನು ಆಡಬಾರದಿತ್ತು. ಅಮ್ಮ ಈಗ ಹೇಗಿದ್ದಾರೆ?

ಸಾಲುದೀಪ:
ಮನೆಗೆ ಬಂದಿದ್ದಾರೆ, ಚೇತರಿಸಿಕೊಂಡಿದ್ದಾರೆ. ಕೇಳಿದ್ದಕ್ಕೆ ಧನ್ಯವಾದಗಳು. ನಿಮ್ಮ ಮಾತಿನಿಂದಾಗಿ ಈಗ 'ಜೇಮ್ಸ್' ತೆಗೆದುಕೊಂಡಿದ್ದೇನೆ.

ಮೆಲ್ಲಗೋದು:
'ಜೇಮ್ಸ್' ಓದುವವರು ಮೊದಲ ಕೆಲವು ಅಧ್ಯಾಯಗಳಲ್ಲಿ ಬರುವ ಪಾಠದ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಜೇಮ್ಸ್ ಮಕ್ಕಳನ್ನು ಕೂರಿಸಿಕೊಂಡು ಬಿಳಿಯರ ಎದುರು ಹೇಗೆ ತಪ್ಪಾಗಿ ಮಾತನಾಡಬೇಕೆಂದು ಕಲಿಸುತ್ತಾನೆ. ಒಡತಿಯ ಅಡುಗೆಮನೆಗೆ ಬೆಂಕಿ ಬಿದ್ದರೆ ಏನೆನ್ನಬೇಕು ಎಂದು ಕೇಳುತ್ತಾನೆ. ಬೆಂಕಿ ಎಂದು ಕೂಗಬಾರದು. ಅಲ್ಲಿ ನೋಡಿ ಎಂದಷ್ಟೇ ಹೇಳಬೇಕು, ಏಕೆಂದರೆ ಆಪತ್ತನ್ನು ಗುರುತಿಸಿ ಹೆಸರಿಡುವ ಹಕ್ಕು ಬಿಳಿಯರದ್ದೇ ಆಗಿರಬೇಕು. ಇಡೀ ಕಾದಂಬರಿಯ ಬೀಜ ಆ ಪುಟಗಳಲ್ಲಿದೆ.

ಈ ಕೃತಿಯನ್ನು ಕನ್ನಡಕ್ಕೆ ತರುವುದು ಹೇಗೆಂದು ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಜೇಮ್ಸ್ ತನ್ನವರೊಡನೆ ಆಡುವ ಮಾತಿಗೆ ಗ್ರಂಥಸ್ಥ ಕನ್ನಡ ಒದಗುತ್ತದೆ. ಬಿಳಿಯರ ಎದುರಿನ ಮಾತಿಗೆ ಏನನ್ನು ಬಳಸುವುದು?

ಹೊಸ ಓದು:
ನಮ್ಮಲ್ಲಿ ಇಷ್ಟೊಂದು ಉಪಭಾಷೆಗಳಿವೆ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಲ್ಲವೇ?

ಅಡಿಟಿಪ್ಪಣಿ:
ಖಂಡಿತ ಬಾರದು, ಮತ್ತು ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 'ಜೇಮ್ಸ್'ನಲ್ಲಿ ಆ ಒಡಕು ಮಾತು ಯಾರ ತಾಯ್ನುಡಿಯೂ ಅಲ್ಲ. ಅದು ಒಡೆಯರಿಗಾಗಿ ಹಾಕಿಕೊಂಡ ಮುಖವಾಡ. ಆ ಜಾಗದಲ್ಲಿ ಯಾವುದೇ ಜನರು ನಿಜವಾಗಿ ಮನೆಯಲ್ಲಿ ಆಡುವ ಕನ್ನಡವನ್ನು ತಂದಿಟ್ಟರೆ, ಅವರ ಮಾತೇ ಸುಳ್ಳು, ಶಿಷ್ಟ ಕನ್ನಡವೊಂದೇ ನಿಜ ಎಂದು ಹೇಳಿದಂತಾಗುತ್ತದೆ. ನಮ್ಮ ಕಾದಂಬರಿಗಳು ಇದರ ವಿರುದ್ಧ ದಿಕ್ಕಿನಲ್ಲಿ ನಡೆದು ಬಂದಿವೆ. ದೇವನೂರ ಮಹಾದೇವ ಅವರ 'ಕುಸುಮಬಾಲೆ' ನಿರೂಪಣೆಯನ್ನೂ ಆಡುಮಾತಿನಲ್ಲೇ ಕಟ್ಟಿ, ಆ ಮಾತಿನಲ್ಲಿ ಎಂಥ ಕಾವ್ಯ ಹುಟ್ಟಬಲ್ಲದು ಎಂಬುದನ್ನು ತೋರಿಸಿತು. ಅದಕ್ಕೆ 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅಂಥ ಭಾಷೆಯನ್ನು ಮುಖವಾಡದ ಪಾತ್ರಕ್ಕೆ ಇಳಿಸುವುದು ಅನ್ಯಾಯ.

ಮೆಲ್ಲಗೋದು:
ನನ್ನ ಅಳುಕೂ ಅದೇ. ಕೊನೆಗೆ ನನಗೆ ತೋಚಿದ್ದು, ಯಾವ ಪ್ರದೇಶಕ್ಕೂ ಸೇರದ ಒಂದು ಮಾತನ್ನು ಕಟ್ಟುವುದು: ಕ್ರಿಯಾಪದವನ್ನು ಪೂರ್ತಿ ಮಾಡದೆ, 'ನಾನು' ಎಂಬ ಪದವನ್ನೇ ಬಾಯಿಗೆ ತಾರದೆ, ಪ್ರತಿ ವಾಕ್ಯವನ್ನೂ 'ದಣಿ' ಎಂಬಲ್ಲಿಗೆ ಮುಗಿಸುವ ಮಾತು. ಧ್ವನಿಯನ್ನು ಕೆಡಿಸುವುದಕ್ಕಿಂತ ಕರ್ತೃವನ್ನು ಅಳಿಸುವುದು ಆ ಕಾದಂಬರಿಗೆ ಹೆಚ್ಚು ನಿಷ್ಠವಾದೀತು. ಜೇಮ್ಸ್ ತನ್ನ ಹೆಸರನ್ನು ತಾನೇ ಬರೆದುಕೊಳ್ಳುವ ಕಥೆಯಲ್ಲವೇ ಅದು?

ನಡುಪುಟ:
ಇದನ್ನು ನೀವೇ ಒಂದು ಅಧ್ಯಾಯಕ್ಕೆ ಮಾಡಿ ನೋಡಬೇಕು.

ಎಣಿಕೆಗಾರ:
ಮೂಲ ಪ್ರಶ್ನೆಗೆ ಮರಳುತ್ತೇನೆ. ತಿಂಗಳಿಗೆ ಐದು ಎಂಬ ಲೆಕ್ಕವನ್ನೇ ದೂರುವವರು ಬರುತ್ತಾರೆಂದು ಗೊತ್ತಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ: ನಾನು ಓದಿದ ಪುಸ್ತಕಗಳ ಲೆಕ್ಕವಿಡುತ್ತೇನೆ. ಹಲವು ವರ್ಷ ಓದನ್ನೇ ಬಿಟ್ಟಿದ್ದ ನನಗೆ ಆ ಲೆಕ್ಕದ ಪುಸ್ತಕವೇ ಓದನ್ನು ಮರಳಿ ಕೊಟ್ಟಿತು. ವೇಗವಾಗಿ ಓದುವವರಿಗೆ ಆಳವಿಲ್ಲ ಎಂಬುದನ್ನು ನಾನು ನಂಬುವುದಿಲ್ಲ.

ತೆರಪು:
ಲೆಕ್ಕವನ್ನು ದೂರುವುದಿಲ್ಲ, ಎರಡು ಪುಸ್ತಕಗಳ ನಡುವಿನ ಬಿಡುವಿನ ಬಗ್ಗೆ ಮಾತ್ರ ಹೇಳುತ್ತೇನೆ. ಹಾನ್ ಕಾಂಗ್ ಅವರ 'ವಿ ಡು ನಾಟ್ ಪಾರ್ಟ್' ಓದಿದ ಮೇಲೆ ನನಗೆ ಎಂಟು ದಿನ ಬೇರೆ ಪುಸ್ತಕ ಹಿಡಿಯಲಾಗಲಿಲ್ಲ. ಆಸ್ಪತ್ರೆಯಲ್ಲಿರುವ ಗೆಳತಿಯ ಸಾಕುಹಕ್ಕಿಯನ್ನು ಉಳಿಸಲು ಒಬ್ಬಳು ಹಿಮದ ಬಿರುಗಾಳಿಯಲ್ಲಿ ಜೆಜು ದ್ವೀಪಕ್ಕೆ ಹೋಗುತ್ತಾಳೆ. ಆ ಪುಟ್ಟ ಕೆಲಸದ ಹಿಂದೆ 1948ರಲ್ಲಿ ಅದೇ ದ್ವೀಪದಲ್ಲಿ ಆರಂಭವಾದ ಹತ್ಯಾಕಾಂಡ ಮೆಲ್ಲಮೆಲ್ಲನೆ ಹಿಮದೊಳಗಿಂದ ಮೇಲೆದ್ದು ಬರುತ್ತದೆ. ಅದನ್ನು ಮುಚ್ಚಿದ ಮರುದಿನವೇ ಬೇರೆ ಕಾದಂಬರಿ ತೆರೆದಿದ್ದರೆ ಅದು ಎಷ್ಟೇ ಒಳ್ಳೆಯದಿದ್ದರೂ ನನ್ನ ಕೈಯಲ್ಲಿ ಸೋಲುತ್ತಿತ್ತು.

ಈಗ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮುಗಿಸಿದ ಪುಸ್ತಕದ ಬಗ್ಗೆ ಕೈಬರಹದಲ್ಲಿ ಒಂದು ಪುಟ ಬರೆಯುವವರೆಗೆ ಮುಂದಿನದನ್ನು ತೆರೆಯುವುದಿಲ್ಲ. ಕೆಲವಕ್ಕೆ ಆ ಪುಟ ಅರ್ಧ ಗಂಟೆಯಲ್ಲಿ ತುಂಬುತ್ತದೆ, ಕೆಲವಕ್ಕೆ ವಾರವಾಗುತ್ತದೆ.

ಎಣಿಕೆಗಾರ:
ಆ ಪುಟವನ್ನು ನನ್ನ ಲೆಕ್ಕದ ಪುಸ್ತಕದಲ್ಲೇ ಬರೆಯಬಹುದು. ಇವತ್ತಿನಿಂದಲೇ ಆರಂಭಿಸುತ್ತೇನೆ.

ಸಾಲುದೀಪ:
ಬಾಗಿಲು ತಟ್ಟುವ ಪ್ರಸಂಗದ ಮಾತು ಬಂದಾಗಿನಿಂದ ಒಂದು ವಿಷಯ ನೆನಪಾಗುತ್ತಿದೆ. ವಿವೇಕ ಶಾನಭಾಗ ಅವರ 'ಸಕೀನಾಳ ಮುತ್ತು' ಕೂಡ ಹಾಗೆಯೇ ತೊಡಗುತ್ತದೆ: ಮಗಳು ರೇಖಾಳನ್ನು ಕೇಳಿಕೊಂಡು ಇಬ್ಬರು ಯುವಕರು ಮನೆ ಬಾಗಿಲಿಗೆ ಬರುತ್ತಾರೆ. ಹಾಳೆಯಂಚು ಅವರು ಅದನ್ನೂ 'ಪ್ರಾಫೆಟ್ ಸಾಂಗ್' ಅನ್ನೂ ಜೊತೆಯಲ್ಲಿಟ್ಟು ಓದಬೇಕೆಂದು ನನ್ನ ಆಸೆ. ಐಲಿಶ್ ಬಾಗಿಲು ತೆರೆದಾಗ ಭಯ ಹೊರಗಿನಿಂದ ಒಳಗೆ ಬರುತ್ತದೆ. ಕಥೆ ಹೇಳುವ ರೇಖಾಳ ತಂದೆ ವೆಂಕಟ್ ಬಾಗಿಲು ತೆರೆದಾಗ, ಭಯ ಪಡಬೇಕಾದದ್ದು ಮನೆಯ ಒಳಗೇ ಇತ್ತೇ ಎಂಬ ಸಂಶಯ ಓದುಗರಿಗೆ ಬರುತ್ತದೆ, ಹೇಳುತ್ತಿರುವವನಿಗೆ ಬರುವುದಿಲ್ಲ. ಹೆಂಡತಿಯ ಬಗ್ಗೆ, ಮಗಳ ಬಗ್ಗೆ ಅವನು ಎಷ್ಟು ಸಮಾಧಾನದಿಂದ ವಿವರಿಸುತ್ತಾನೋ ಅಷ್ಟು ನಾವು ಅವನನ್ನು ನಂಬದಂತಾಗುತ್ತೇವೆ. ಎಲ್ಲ ವಿರಾಮಚಿಹ್ನೆಗಳೂ ಸ್ವಸ್ಥಾನದಲ್ಲಿವೆ, ವಾಕ್ಯಗಳು ತಿಳಿಯಾಗಿವೆ, ಆದರೂ ಉಸಿರುಗಟ್ಟುತ್ತದೆ.

ನಡುಪುಟ:
ಇದು ನನ್ನ ವಾದಕ್ಕೆ ನಾನೇ ಕೊಡಬೇಕಾಗಿದ್ದ ಉದಾಹರಣೆ.

ಅಡಿಟಿಪ್ಪಣಿ:
ಅಥವಾ ನನ್ನ ವಾದಕ್ಕೆ. ವೆಂಕಟ್‌ನ ಅಚ್ಚುಕಟ್ಟಾದ ಪ್ಯಾರಾಗಳು ಅವನ ಮುಚ್ಚಿಡುವ ಸ್ವಭಾವಕ್ಕೆ ತಕ್ಕ ರೂಪ. ಐಲಿಶ್‌ಗೆ ಮುಚ್ಚಿಡಲು ಬಿಡುವೇ ಇಲ್ಲ, ಹಾಗಾಗಿ ಅವಳಿಗೆ ಪ್ಯಾರಾಗಳೂ ಇಲ್ಲ.

ನಡುಪುಟ:
ಇದಕ್ಕೆ ಉತ್ತರ ಕೊಡುವ ಮೊದಲು ಎರಡನ್ನೂ ಮತ್ತೊಮ್ಮೆ ತೆರೆದು ನೋಡುತ್ತೇನೆ.

ಹಾಳೆಯಂಚು:
ಒಂಬತ್ತು ದಿನಗಳ ನಂತರ ಮರಳಿ ಬರೆಯುತ್ತಿದ್ದೇನೆ. ತೆರಪು ಅವರು ಹೇಳಿದಂತೆ ಮೊದಲು ಕೀಗನ್ ಅವರ ಪುಸ್ತಕದ ಬಗ್ಗೆ ಒಂದು ಪುಟ ಬರೆದೆ. ಬರೆಯುವಾಗ ಗೊತ್ತಾಯಿತು, ನಾನು ಫರ್ಲಾಂಗ್‌ನನ್ನು ಬಿಟ್ಟು ಬಂದಿರಲೇ ಇಲ್ಲ. ಒಬ್ಬ ಮನುಷ್ಯ ಒಂದು ಬಾಗಿಲು ತೆರೆದು ಏನು ಮಾಡಬೇಕೆಂದು ತೀರ್ಮಾನಿಸುವ ಕಥೆಯನ್ನು ಹಿಡಿದುಕೊಂಡೇ, ತೀರ್ಮಾನಿಸುವ ಅವಕಾಶವೇ ಕೈತಪ್ಪುತ್ತಿರುವ ಹೆಂಗಸಿನ ಕಥೆಗೆ ಹೋಗಿದ್ದೆ. ಐಲಿಶ್ ಏಕೆ ಏನನ್ನೂ ಮಾಡುತ್ತಿಲ್ಲ ಎಂಬ ಸಿಟ್ಟು ನನಗೆ ಬಂದಿತ್ತು. ಆ ಸಿಟ್ಟನ್ನು ಪ್ಯಾರಾಗಳಿಲ್ಲದಿರುವುದರ ಮೇಲೆ ಹಾಕಿದ್ದೆ ಎಂದು ಈಗ ಅನ್ನಿಸುತ್ತಿದೆ.

ಆಮೇಲೆ ಬಿಟ್ಟಲ್ಲಿಂದ ಆರಂಭಿಸಿದೆ, ಒಂದು ಸಲ ಕುಳಿತಾಗ ಒಂದೇ ಭಾಗ, ಗಟ್ಟಿಯಾಗಿ ಓದುತ್ತ. ಗಟ್ಟಿಯಾಗಿ ಓದಿದಾಗ ಯಾರ ಮಾತು ಯಾವುದೆಂಬುದು ಬಹುಮಟ್ಟಿಗೆ ತಾನೇ ತಿಳಿಯುತ್ತದೆ. ತಿಳಿಯದ ಕಡೆಗಳಲ್ಲಿ ಹಿಂದಕ್ಕೆ ಹೋಗದೆ ಮುಂದುವರಿದೆ. ಕೆನಡಾದಲ್ಲಿರುವ ಸಹೋದರಿ ದೇಶ ಬಿಟ್ಟು ಬಂದುಬಿಡು ಎಂದು ಒತ್ತಾಯಿಸುತ್ತಾಳೆ, ಗಂಡ ಎಲ್ಲಿದ್ದಾನೆಂದು ತಿಳಿಯದೆ ಹೇಗೆ ಹೊರಡಲಿ ಎಂದು ಐಲಿಶ್ ತಡೆಯುತ್ತಾಳೆ. ಮೊದಲ ಸಲ ಅವಳ ಹಟ ನನಗೆ ಮೂರ್ಖತನವಾಗಿ ಕಂಡಿತ್ತು. ಈ ಸಲ ಅವಳ ಜಾಗದಲ್ಲಿ ನಾನಿದ್ದರೂ ಮನೆಯ ದೀಪ ಆರಿಸಿ ಹೊರಡುತ್ತಿರಲಿಲ್ಲ ಎನ್ನಿಸಿತು. ಕೊನೆಯ ಅರವತ್ತು ಪುಟಗಳು ಬಾಕಿಯಿವೆ.

ಪ್ಯಾರಾಗಳ ವಿಷಯದಲ್ಲಿ ಮಾತ್ರ ನಡುಪುಟ ಅವರ ಕಡೆಗೇ ಇದ್ದೇನೆ. ಕೆಲವು ಭಾಗಗಳು ಒಡೆದಿದ್ದರೂ ಅಷ್ಟೇ ತಟ್ಟುತ್ತಿದ್ದವು.

ಕಿವಿಯೋದು:
ಆ ಅರವತ್ತು ಪುಟಗಳನ್ನು ರಾತ್ರಿ ಒಬ್ಬರೇ ಕುಳಿತು ಓದಬೇಡಿ. ಮುಗಿಸಿದ ಮೇಲೆ ಇಲ್ಲಿ ಬರೆಯಿರಿ, ನಾನು ಅಲ್ಲಿಯವರೆಗೆ ಕೊನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.